ರಟ್ಟೆಗೆ ಕಟ್ಟಿಕೊಂಡ ಚಿನ್ನದ ವಾಚು

ಮಕ್ಕಳೇ, ಬೆಳಿಗ್ಗೆ ಹಾಲು ಕರೆಯುವಾಗ ನಾನು ಸೆರಗನ್ನು ಬಲಗೈ ಮೇಲೆ ಎಳೆದುಕೊಳ್ಳುವುದನ್ನು ನೋಡಿ ನೀವು ನಗುತ್ತೀರಿ. ಬೇಸಿಗೆಯಲ್ಲೂ ಅಜ್ಜಿಗೆ ಚಳಿ ಅನ್ನುತ್ತೀರಿ. ನಿಜ ಹೇಳಬೇಕೆಂದರೆ ನನಗೆ ಭಯ. ಆ ಕೈಯಲ್ಲಿ ಏನಿದೆ ಎಂದು ಬಾಯಿಬಿಟ್ಟು ಹೇಳಲು ನನಗೆ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಕೆಜಿಎಫ್‌ನ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದರು. ಚಿನ್ನದ ಗಣಿ ಮುಚ್ಚಿದ ಮೇಲೆ ಮೈಸೂರು ಮೈನ್ಸ್, ಚಾಂಪಿಯನ್ ರೀಫ್ಸ್ ಕಡೆಯ ಎಷ್ಟೋ ಮನೆಯವರು ಪೆಟ್ಟಿಗೆ, ಮಂಚ ಎಲ್ಲ ಮಾರಿ ಊರು ಬಿಟ್ಟರು. ರಜೆಯ ದಿನ ತಾತ ಆ ಮನೆಗಳಿಗೆ ಹೋಗುತ್ತಿದ್ದರು, ಬ್ರಿಟಿಷ್ ದೊರೆಗಳ ಕಾಲದ ಚಿನ್ನದ ಕೈಗಡಿಯಾರ ಹುಡುಕಿಕೊಂಡು. ಬೀಡಿ ಸೇದಲಿಲ್ಲ, ಇಸ್ಪೀಟು ಮುಟ್ಟಲಿಲ್ಲ, ಅವರ ಚಟ ಇದೊಂದೇ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಹಿಂದಿನ ಮುಚ್ಚಳ ಬಿಚ್ಚಿ ನೋಡುವರು. ಡಯಲಿಗೆ ಹೊಸದಾಗಿ ಬಣ್ಣ ಬಳಿದಿದ್ದರೆ ಬೇಡವೆಂದು ವಾಪಸು ಕೊಡುವರು. ಹಳದಿ ತಿರುಗಿ ಅಂಕಿ ಮಾಸಿದ್ದರೆ ಅವರ ಮುಖ ಅರಳುತ್ತಿತ್ತು.

"ಮಾಸಿರೋದ್ನ ಕಂಡ್ರೆ ಅದೇನ್ ಅಷ್ಟು ಖುಷಿ?" ಅಂತ ಒಮ್ಮೆ ಕೇಳಿದೆ.

"ನೀನೂ ಮಾಸಿದ್ದೀಯ. ಬಿಟ್ಟಿದ್ದೀನಾ?" ಅಂದರು.

ಅವರು ಕೊಂಡು ತಂದ ವಾಚುಗಳಲ್ಲಿ ಒಂದು ತೀರ ಅಪರೂಪದ್ದು. ಅದಕ್ಕೆ ಕೀ ಕೊಡಬೇಕಾಗಿರಲಿಲ್ಲ. ಒಳಗೆ ಒಂದು ತೂಕದ ತುಂಡಿತ್ತು. ಕೈ ಆಡಿದಾಗ ಅದು ಅತ್ತಿತ್ತ ಹೋಗಿ ಸ್ಪ್ರಿಂಗಿಗೆ ಬಡಿಯುತ್ತಿತ್ತು, ವಾಚು ತನಗೆ ತಾನೇ ಕೀ ಕೊಟ್ಟುಕೊಳ್ಳುತ್ತಿತ್ತು. ಬಡಿದಾಗೆಲ್ಲ ಟುಕ್ ಎಂದು ಚರ್ಮಕ್ಕೆ ತಿಳಿಯುತ್ತಿತ್ತು.

"ತಿಂಗ್ಳುಗಟ್ಲೆ ನಿಂತ್ರೆ ಒಳಗಿನ ಎಣ್ಣೆ ಗಟ್ಟಿ ಆಯ್ತದೆ. ನನ್ದು ಮಿಷಿನ್ ಹತ್ರ ಓಗೋ ಕೈ. ನೀನು ಹಾಲ್ ಕರೆಯೋವಾಗ ಕಟ್ಕೋ" ಅಂದರು.

"ಚಿನ್ನ ಕಟ್ಕೊಂಡು ಕೊಟ್ಟಿಗೇಲಿ ಕೂತ್ಕಳ್ಲಾ? ಯಾರಾನ ನೋಡಿದ್ರೆ?"

"ಸೆರಗು ಇರೋದ್ ಯಾಕೆ?"

ನೀರು ತಾಗದಿರಲೆಂದು ಮೊಣಕೈಗಿಂತ ಮೇಲೆ, ರವಿಕೆಯ ತೋಳಿನೊಳಗೆ ಬಟ್ಟೆಯಿಂದ ಕಟ್ಟಿಕೊಳ್ಳುತ್ತಿದ್ದೆ. ಅಂದಿನಿಂದ ಡೈರಿಗೆ ಹಾಲು ಹಾಕುವ ಸಾಲಿನಲ್ಲಿ ಯಾರು ಮೈಗೆ ತಾಗಿದರೂ ಬೆಚ್ಚುತ್ತಿದ್ದೆ. ಗಣಿಯಿಂದ ಮೇಲೆ ಬಂದವರನ್ನು ಒಂದು ಚೂರು ಚಿನ್ನಕ್ಕಾಗಿ ಮೈಯೆಲ್ಲ ತಡಕುತ್ತಿದ್ದರೆಂಬ ಮಾತು ಕೇಳಿಕೊಂಡೇ ಬೆಳೆದವಳು ನಾನು. ನಮ್ಮ ಕಡೆ ಚಿನ್ನವೆಂದರೆ ಮೊದಲು ಬರುವುದು ಹೆದರಿಕೆ.

ಹಾಗೆ ಹಾಲು ಕರೆಯುತ್ತಿದ್ದ ಒಂದು ಬೆಳಿಗ್ಗೆ ತಾತ ಜಗಲಿಯ ಮೇಲೆ ಕುಸಿದರು. ಬಕೆಟ್ಟು ಅಲ್ಲೇ ಬಿಟ್ಟು ಓಡಿದೆ. ಅವರು ಮತ್ತೆ ಏಳಲಿಲ್ಲ. ಮನೆ ತುಂಬ ನೆಂಟರು ಸೇರಿದರು. ವಾಚು ಬಿಚ್ಚಿಡಲು ಒಂಟಿಯಾಗಿ ನನಗೆ ಒಂದು ಗಳಿಗೆಯೂ ಸಿಗಲಿಲ್ಲ.

ಮಣ್ಣಾದ ಮೇಲೆ ನನ್ನ ಮೈದುನ ತಾತ ಉಳಿದ ವಾಚುಗಳನ್ನೆಲ್ಲ ಇಟ್ಟಿದ್ದ ಬಿಸ್ಕತ್ತಿನ ಡಬ್ಬಿಯನ್ನು ಬಂಗಾರಪೇಟೆಯ ಅಕ್ಕಸಾಲಿಯ ಹತ್ತಿರ ತೆಗೆದುಕೊಂಡು ಹೋದ. ಸಂಜೆ ಒಂದು ಕಾಗದದ ಪೊಟ್ಟಣ ತಂದು ನನ್ನ ಮುಂದಿಟ್ಟ.

"ಎಲ್ಲಾ ಕರಗಿಸಾಯ್ತು ಅತ್ಗೆ. ತಿಥಿ ಖರ್ಚಿಗೆ ಆಯ್ತದೆ. ಇದು ಒಳಗಿನ ಕಸ, ಹುಡುಗ್ರಿಗೆ ಆಟಕ್ಕೆ."

ಸಣ್ಣ ಸಣ್ಣ ಹಲ್ಲಿನ ಚಕ್ರಗಳು, ಮುಳ್ಳುಗಳು, ತಾತ ಅಷ್ಟು ಆಸೆಪಟ್ಟು ಹುಡುಕಿದ್ದ ಹಳದಿ ಡಯಲುಗಳು. ನನ್ನ ಮೈದುನ ಕೆಟ್ಟವನಲ್ಲ. ಬಂಡೆ ಪುಡಿ ಮಾಡಿ, ಚಿನ್ನ ತೆಗೆದುಕೊಂಡು, ಉಳಿದದ್ದನ್ನು ದಿಬ್ಬ ಹಾಕಿದ ಊರಿನವನು. ವಾಚಿಗೂ ಅದನ್ನೇ ಮಾಡಿದ.

"ಇನ್ನೊಂದಿತ್ತಲ್ಲ ಅತ್ಗೆ. ಅದೇ ಎಲ್ಲಕ್ಕಿಂತ ಎಚ್ಚಿನದು ಅಂತಿದ್ದ ಅಣ್ಣ. ಎಲ್ಲಿ?"

ಕಾಣೆ ಎಂದು ತಲೆಯಾಡಿಸಿದೆ. ಸಿಕ್ಕರೆ ಅದೂ ಚಿನ್ನ ಕರಗಿಸುವ ಮೂಸೆಗೆ ಹೋಗುತ್ತದೆ. ಅದನ್ನು ನೆನೆದರೆ ತಾತ ಇನ್ನೊಂದು ಸಲ ಹೋದಂತೆ ಅನ್ನಿಸುತ್ತಿತ್ತು.

ಅವನು ರಾಗಿ ಮೂಟೆ ಬಿಚ್ಚಿದ, ಹುಲ್ಲಿನ ಮೆದೆ ಕೆದಕಿದ. ನಾನು ಮೂಲೆಯಲ್ಲಿ ಕೂತಿದ್ದೆ. ಸೂತಕ, ಹೊರಗೆ ಹೋಗುವಂತಿಲ್ಲ, ಹಾಲು ಕರೆಯುವಂತಿಲ್ಲ. ವಾಚು ನಿಂತುಹೋಗಬಾರದೆಂದು ಬೀಸಣಿಗೆ ತೆಗೆದುಕೊಂಡು ಬೀಸಿಕೊಳ್ಳುತ್ತಲೇ ಇದ್ದೆ. ಟುಕ್, ಟುಕ್. ಪಕ್ಕದವರಿಗೆ ಕೇಳುತ್ತದೇನೋ ಎಂದು ಬೆವರುತ್ತಿದ್ದೆ, ಬೆವರಿದ್ದಕ್ಕೆ ಇನ್ನೂ ಬೀಸಿಕೊಳ್ಳುತ್ತಿದ್ದೆ.

"ಪಾಪ, ಒಳಗೇ ಉರೀತಾವ್ಳೆ" ಅಂದಳೊಬ್ಬಳು.

ತಿಥಿಯ ಹಿಂದಿನ ಸಂಜೆ ಮೈದುನ ತನ್ನ ತಾಯಿಗೆ, ಅಂದರೆ ನನ್ನ ಅತ್ತೆಗೆ, ಹೇಳುವುದು ಗೋಡೆಯಾಚೆಯಿಂದ ಕೇಳಿಸಿತು. "ಮೈಮೇಲೇ ಇಟ್ಕೊಂಡವ್ಳೇನೋ. ನಾಳೆ ಬಳೆ ತೆಗೆಯೋವಾಗ ನೀನೇ ನೋಡಮ್ಮ."

ಬಳೆ ತೆಗೆಯುವವರು ಅತ್ತೆಯೇ. ಅವರೂ ನನ್ನ ಹಾಗೆಯೇ ಗಂಡನನ್ನು ಕಳೆದುಕೊಂಡವರು. ಬಾಯಿ ಬಲು ಖಾರ. ಮದುವೆಯಾದಾಗಿನಿಂದ ಅವರೆದುರು ನಾನು ತಲೆ ಎತ್ತಿದವಳಲ್ಲ.

ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನನ್ನನ್ನು ಕೂರಿಸಿದರು. ಹೆಂಗಸರು ಸುತ್ತ ನಿಂತಿದ್ದರು. ಕಲ್ಲಿಗೆ ಬಡಿದು ಒಡೆಯೆಂದು ಯಾರೋ ಅಂದರು. ಅತ್ತೆ ಕೇಳಲಿಲ್ಲ. ಸೋಪು ಹಚ್ಚಿ ಎಡಗೈಯ ಬಳೆಗಳನ್ನು ಒಂದೊಂದಾಗಿ ಜಾರಿಸಿದರು. ಆಮೇಲೆ ಬಲಗೈ ಹಿಡಿದರು. ಬಳೆ ಮುಗಿದ ಮೇಲೆ ಅವರ ಒದ್ದೆ ಕೈ ಮೊಣಕೈ ದಾಟಿ ಮೇಲೆ ಬಂತು. ನಾನು ನಡುಗಿದೆ. ನಡುಗಿದ್ದಕ್ಕೇ ವಾಚು ಬಡಿಯಿತು. ಟುಕ್.

ಅವರ ಬೆರಳು ನಿಂತಿತು. ನನ್ನ ಮುಖ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ.

ರವಿಕೆಯ ತೋಳು ಕೆಳಗೆ ಬಂದದ್ದು ತಿಳಿಯಿತು. ಆಮೇಲೆ ಸೆರಗು, ನನ್ನದಲ್ಲ, ಅವರದು. ಅದರಲ್ಲೇ ನನ್ನ ಕೈ ಒರೆಸಿ ಮಡಿಲಿಗೆ ಇಟ್ಟರು.

"ಇತ್ತೇನಮ್ಮಾ?" ಹಿತ್ತಿಲ ಬಾಗಿಲ ಒಳಗಿನಿಂದ ಮೈದುನನ ದನಿ.

"ಏನ್ಲಾ ಇರ್ತದೆ? ಬರೀ ಕೈ! ಓಗಿ ಎಲೆ ಹಾಕು, ಜನ ಕಾಯ್ತಾವ್ರೆ."

ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಆದರೆ ನಾನು ಮತ್ತೆ ಹಾಲು ಕರೆಯಲು ಕೂತ ದಿನದಿಂದ, ಎಂದೂ ಕೊಟ್ಟಿಗೆಯ ಕಡೆ ಬಾರದ ಅತ್ತೆ ಅದರ ಬಾಗಿಲಲ್ಲಿ ಕೋಲು ಹಿಡಿದು ಕೂರತೊಡಗಿದರು. ಮೈದುನ ಈ ಕಡೆ ಬಂದರೆ, "ಯಾಕ್ಲಾ ಬಂದೆ, ಹಸ ಬೆದರ್ತದೆ" ಎಂದು ಗದರಿಸಿ ಅಟ್ಟುತ್ತಿದ್ದರು. ಕಾಲು ಆಡುವವರೆಗೂ ಹಾಗೆ ಕೂತರು.

ಈಗ ಅವರಿಲ್ಲ, ಬಾಗಿಲು ಬರಿದಾಗಿದೆ. ಹಾಲು ಕರೆಯುತ್ತಾ ಆ ಕಡೆ ನೋಡುತ್ತಲೇ ಇರುತ್ತೇನೆ. ರಜೆಗೆ ಬಂದಾಗ ನಿಮ್ಮಲ್ಲಿ ಯಾರಾದರೂ ಅಲ್ಲಿ ಕೂತುಕೊಳ್ಳಿ. ಹತ್ತಿರ ಕರೆದು ನನ್ನ ರಟ್ಟೆ ಮುಟ್ಟಿಸುತ್ತೇನೆ. ಆ ವಾಚನ್ನು ನಾನು ಹೋದ ಮೇಲೂ ಯಾವ ಅಕ್ಕಸಾಲಿಗೂ ತೋರಿಸಬೇಡಿ.