ಅತ್ತೆ ಮುಟ್ಟದ ನೀರು

ಅಜ್ಜಿ ತೀರಿಕೊಂಡ ವಾರವೇ ಅಪ್ಪನಿಗೂ ಅವರ ಅಕ್ಕನಿಗೂ ಮಾತಿಗೆ ಮಾತು ಬೆಳೆಯಿತು. ಕೊನೆಗಾಲದಲ್ಲಿ ಹೆತ್ತ ತಾಯಿಯನ್ನು ನೋಡಲೂ ಬರಲಿಲ್ಲ ಎಂದು ಅಪ್ಪ ನೆಂಟರೆದುರೇ ಅಂದುಬಿಟ್ಟರು. ಅತ್ತೆ ನೇರ ದೈವದ ಗುಡಿಯ ಮುಂದೆ ಹೋಗಿ ನಿಂತರು. "ಇನ್ನು ಇವನ ಕೈಯ ನೀರು ಮುಟ್ಟಿದರೆ ನಮ್ಮಿಬ್ಬರ ಮಕ್ಕಳನ್ನೂ ದೈವ ಕೇಳಲಿ" ಎಂದು ಆಣೆ ಹಾಕಿದರು.

ಉಡುಪಿ ಕಡೆಯ ನಮಗೆ ಅದು ಬರೀ ಬಾಯಿಮಾತಲ್ಲ; ಮುರಿದರೆ ಮಕ್ಕಳಿಗೇ ಕೇಡು ಎಂಬ ನಂಬಿಕೆ. ಆಣೆ ಬಿಡಿಸಬೇಕಾದರೆ ಇಬ್ಬರೂ ಅದೇ ದೈವದೆದುರು ಒಟ್ಟಿಗೆ ನಿಲ್ಲಬೇಕು. ವರ್ಷಗಳು ಕಳೆದವು, ಇಬ್ಬರೂ ಹೋಗಲಿಲ್ಲ.

ವಿದೇಶದ ನೈಮೆಗನ್‌ನಲ್ಲಿ ಮಗನ ಜೊತೆಗಿದ್ದ ಅತ್ತೆಗೆ ಕ್ಯಾನ್ಸರ್ ಮರುಕಳಿಸಿದಾಗ ಅಪ್ಪ ಊರಿನಿಂದ ಅದೇ ದೇಶದ ನ್ಯೂವೆಗೈನ್‌ನ ನಮ್ಮ ಮನೆಗೆ ಬಂದಿದ್ದರು. "ಒಮ್ಮೆ ಕರ್ಕೊಂಡು ಹೋಗು" ಎಂದರು.

ಆಸ್ಪತ್ರೆಯಲ್ಲಿ ಅತ್ತೆಗೆ ನುಂಗಲು ಆಗುತ್ತಿರಲಿಲ್ಲ. ನರ್ಸ್ ಕಡ್ಡಿಯ ತುದಿಯ ಪುಟ್ಟ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಪ್ಪನ ಕೈಗಿತ್ತು, ತುಟಿಗೆ ಒತ್ತುವಂತೆ ಸನ್ನೆ ಮಾಡಿದರು. ಅಪ್ಪ ಬಗ್ಗಿದರು. ಅತ್ತೆ ಕಣ್ಣು ತೆರೆದರು, ತಮ್ಮನ ಗುರುತು ಹಿಡಿದರು, ತುಟಿ ಬಿಗಿದುಕೊಂಡರು. ನೀರು ಗಲ್ಲದ ಮೇಲೆ ಹರಿದು ದಿಂಬಿಗಿಳಿಯಿತು.

"ಅಕ್ಕ, ನಂದು ತಪ್ಪಾಯ್ತು. ಬಿಡು ಮಾರಾಯ್ತಿ."

"ಸಿಟ್ಟಿಲ್ಲ ನಂಗೆ," ಅತ್ತೆಯ ದನಿ ಕೇಳಿಸಿದ್ದೇ ಕಷ್ಟದಲ್ಲಿ. "ಇಲ್ಲಿ ಬಿಟ್ರೆ ಬಿಟ್ಟ ಹಾಗೆ ಆಗುದಿಲ್ಲ. ಮಕ್ಕಳುಂಟಲ್ಲ."

ಅಪ್ಪ ಹೊರಗೆ ಹೋಗಿ ಊರಿನ ಗುಡಿಯವರಿಗೆ ಫೋನ್ ಮಾಡಿದರು. ಅವರ ಉತ್ತರ ನನಗೂ ಕೇಳಿಸಿತು: "ಒಬ್ರೇ ಬಂದ್ರೆ ಆಗುದಿಲ್ಲ. ಅಕ್ಕನನ್ನೂ ಕರ್ಕೊಂಡು ಬನ್ನಿ." ಅಪ್ಪ "ಆಯ್ತು" ಅಂದರು. ಬೇರೇನು ಹೇಳಿಯಾರು?

ನಾನು ಸ್ಪಂಜು ಹಿಡಿದಾಗ ಅತ್ತೆ ಮಗುವಿನಂತೆ ಚೀಪಿದರು. ಎಷ್ಟು ಬಾಯಾರಿತ್ತೋ. ಅಪ್ಪ ಬಾಗಿಲ ಗಾಜಿನಾಚೆ ನಿಂತು ನೋಡುತ್ತಿದ್ದರು.

ಮರುದಿನ ಮಧ್ಯಾಹ್ನ ಅತ್ತೆ ಹೋದರು.

ಚಿತಾಗಾರದ ಹಾಲ್‌ನಲ್ಲಿ ಪೆಟ್ಟಿಗೆ ಮುಚ್ಚುವ ಮೊದಲು ಒಬ್ಬೊಬ್ಬರಾಗಿ ಗಿಂಡಿಯಿಂದ ಒಂದೊಂದು ಚಮಚ ಗಂಗಾಜಲ ಅತ್ತೆಯ ಬಾಯಿಗೆ ಬಿಟ್ಟೆವು. ಅಪ್ಪನ ಸರದಿ ಬಂತು. ಅತ್ತೆಯ ಮಗ, ದೈವ ಗೀವ ಯಾವುದನ್ನೂ ನಂಬದವನು, ತಾಯಿಯ ಬಾಯಿಗೆ ತನ್ನ ಅಂಗೈ ಅಡ್ಡ ಹಿಡಿದ.

"ಬೇಡ ಮಾವ. ಅಮ್ಮ ಬೇಡ ಅಂತ ಹೇಳಿದ್ದು."

ನನಗೆ ಅವನ ಕೈ ತಳ್ಳಿಬಿಡಬೇಕೆನ್ನಿಸಿತು. ಆದರೆ ತಳ್ಳಲಿಲ್ಲ. ಅಪ್ಪ ಚಮಚದ ನೀರನ್ನು ಗಿಂಡಿಗೇ ಮರಳಿ ಸುರಿದು, ಹಿಂದಿನ ಸಾಲಿಗೆ ಹೋಗಿ ಕೂತರು.