ಕಾರ್ಟೂನಿನ ಹುಡುಗನಿಗೆ ನಿಮ್ಮ ಅಜ್ಜನ ಹೆಸರು

ಚಿನ್ನವ್ವಾ, ಗುಂಡಾ, ನೀವು ದೊಡ್ಡವರಾದ ಮೇಲೆ ಯಾರಾದರೂ ನಿಮಗೆ, ‘ನಿಮ್ಮ ಅಮ್ಮ ಟಿವಿಯೊಳಗ ಮಾತಾಡಿದ್ಳಂತಲ್ಲ’ ಎಂದು ಕೇಳಬಹುದು. ಕೇಳುವವರಿಗೆ ಅರ್ಧ ಗೊತ್ತಿರುತ್ತದೆ, ಇನ್ನರ್ಧವನ್ನು ತಾವೇ ಸೇರಿಸಿರುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ನಮ್ಮ ಮನೆಯಲ್ಲಿ ಹೆತ್ತವಳು ಅವ್ವ, ಅಪ್ಪನ ತಾಯಿ ಅಮ್ಮ. ಹಾಗಾಗಿ ಇಲ್ಲಿ ಅಮ್ಮ ಎಂದರೆ ನಾನೇ. ನಾನು ಓದಿದ್ದು ಊರ ಸಾಲೆಯಲ್ಲಿ ಏಳನೆಯ ತರಗತಿಯವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಚಿನ್ನವ್ವಾ, ನೀನಾಗ ನಾಲ್ಕನೆಯ ತರಗತಿ. ಗುಂಡ ಇನ್ನೂ ಅಂಬೆಗಾಲಿಡುತ್ತಿದ್ದ. ಕುಷ್ಟಗಿಯ ನಿನ್ನ ಸಾಲೆಗೆ ಧಾರವಾಡದಿಂದ ಒಬ್ಬರು ಮೇಡಂ ಬಂದರು. ಮಕ್ಕಳಿಗಾಗಿ ಕಾರ್ಟೂನ್ ಧಾರಾವಾಹಿ ಮಾಡುತ್ತಿದ್ದರು. ಅದರೊಳಗಿನ ಮಂದಿ ನಮ್ಮ ಕಡೆಯ ಮಾತನ್ನೇ ಆಡಬೇಕೆಂದು ದನಿ ಹುಡುಕಿಕೊಂಡು ಊರೂರು ತಿರುಗುತ್ತಿದ್ದರು. ಕಥೆ ಹೀಗೆ: ಒಂದು ಊರಿನ ಕೆರೆಯ ನೀರು ಒಂದು ಮುಂಜಾನೆ ಮಾಯವಾಗುತ್ತದೆ. ಒಬ್ಬ ಹುಡುಗ, ಅವನ ತಂಗಿ, ಅಜ್ಜಿ, ಒಂದು ಕುಂಟ ಮೇಕೆ ಆ ನೀರನ್ನು ಹುಡುಕುತ್ತ ಬಂಡೆಗುಡ್ಡಗಳೊಳಗೆ ಹೋಗುತ್ತಾರೆ. ಅಲ್ಲಿ ಕರಡಿ, ಪಾಳು ಕೋಟೆ, ಮಾತಾಡುವ ಕಾಗೆಗಳು.

ತಂಗಿಯ ದನಿಗೆ ನಿನ್ನನ್ನು ಆರಿಸಿದರು. ನೀನು ಗೋಡೆ ನೋಡುತ್ತ, ‘ನಮ್ಮ ಅಮ್ಮ ಸಂಗಾಟ ಬಂದ್ರ ಬರ್ತೀನ್ರಿ’ ಅಂದೆ. ನಿನ್ನನ್ನು ಕರೆದೊಯ್ಯಲು ಬಂದಿದ್ದ ನಾನು ಬಾಗಿಲಾಚೆ ಚಪ್ಪಲಿಗಳ ಹತ್ತಿರ ನಿಂತಿದ್ದೆ.

‘ಬಾರವ್ವಾ, ಹೊತ್ತಾತು. ನಿಮ್ಮವ್ವ ದಾರಿ ನೋಡತಿರತಾಳ’ ಎಂದೆ. ಅಷ್ಟೇ ನಾನು ಅಂದದ್ದು.

ಮೇಡಂ ತಿರುಗಿ ನೋಡಿದರು. ‘ಅಮ್ಮಾರ, ಈಗ ಹೇಳಿದ್ದು ಇನ್ನೊಮ್ಮೆ ಹೇಳ್ರಿ.’

ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಕಾರ್ಟೂನಿನ ಅಜ್ಜಿಗೆ ಇಂಥದೇ ದನಿ ಬೇಕಾಗಿತ್ತು ಎಂದರು ಅವರು. ಮೊಮ್ಮಗಳು, ಅಜ್ಜಿ ಇಬ್ಬರೂ ಒಂದೇ ಮನೆಯವರಾದರೆ ಮಾತಿಗೆ ಮಾತು ಚಲೋ ಕೂಡುತ್ತದೆ ಎಂದರು.

ಮನೆಗೆ ಬಂದು ಹೇಳಿದಾಗ ನಿಮ್ಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕಳು. ‘ಅತ್ತಿ, ನೀವು ಸಂತ್ಯಾಗ ಬದನಿಕಾಯಿ ಎಷ್ಟಕ್ಕ ಅಂತ ಕೇಳಾಕ ನನ್ನ ಮುಂದ ನೂಕತೀರಿ. ಟಿವ್ಯಾಗ ಏನ್ ಮಾತಾಡತೀರಿ?’

ನಿಮ್ಮಪ್ಪ, ‘ಮಾರಿ ಕಾಣಂಗಿಲ್ಲ ಬೇ, ಬರೇ ದನಿ’ ಎಂದ.

ಮುಖ ಕಾಣುವುದಿಲ್ಲ ಎಂಬ ಒಂದೇ ಮಾತಿಗೆ ನಾನು ಹೂಂ ಅಂದದ್ದು.

ವಾರದ ನಂತರ ನಾವು ಆಡಬೇಕಾದ ಮಾತುಗಳ ಹಾಳೆಗಳು ಬಂದವು. ಬೆರಳಿಟ್ಟು ಓದುತ್ತ ಹೋದೆ. ಎರಡನೆಯ ಹಾಳೆಯಲ್ಲಿ ಆ ಹುಡುಗನ ಹೆಸರು ಬಂತು. ನನ್ನ ಬೆರಳು ಅಲ್ಲಿಂದ ಮುಂದೆ ಹೋಗಲಿಲ್ಲ. ಅದು ನಿಮ್ಮ ಅಜ್ಜನ ಹೆಸರು.

ನಿಮಗೆ ಇದು ನಗು ತರಿಸಬಹುದು. ನಮ್ಮ ಕಾಲದಲ್ಲಿ ಹೆಂಡತಿ ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತದೆ ಎಂದು ನನ್ನ ತಾಯಿ ಹೇಳಿಕೊಟ್ಟಿದ್ದಳು. ಹೇಳಲಿಕ್ಕೆ ಇದ್ದದ್ದು ಒಂದೇ ದಾರಿ, ಒಡಪು. ಮದುಮಗಳು ಗಂಡನ ಮನೆಗೆ ಬಂದಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಎರಡು ಸಾಲು ಪದ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಿದರೆ ಒಳಗೆ ಬಿಡುತ್ತಾರೆ. ನಾನು ಮದುವೆಯಾಗಿ ಬಂದ ದಿನ ಅದನ್ನೂ ಹೇಳಲಿಲ್ಲ. ಅಡ್ಡ ನಿಂತವರು ಎಷ್ಟು ಕಾಡಿದರೂ ನಾಲಗೆ ಏಳಲಿಲ್ಲ. ಕೊನೆಗೆ ನನ್ನ ಅತ್ತೆಯೇ, ‘ಬಿಡ್ರೇ, ಹುಡುಗಿ ಬೆವತಾಳ’ ಎಂದು ಕೈಹಿಡಿದು ಒಳಗೆ ಕರೆದುಕೊಂಡರು.

ಆಮೇಲೆ ಹೇಳುವ ಪ್ರಸಂಗವೇ ಬರಲಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಕಾರ್ಡು ಮುಂದೆ ಹಿಡಿಯುತ್ತಿದ್ದೆ. ಹೊಲದಿಂದ ಕರೆಯಬೇಕಾದರೆ ಬದುವಿನ ಮೇಲೆ ನಿಂತು ತಂಬಿಗೆ ಬಡಿಯುತ್ತಿದ್ದೆ. ನಿಮ್ಮ ಅಜ್ಜನನ್ನು ಕೊಪ್ಪಳದ ಆಸ್ಪತ್ರೆಗೆ ಒಯ್ದ ದಿನ ಚೀಟಿ ಬರೆಯುವವರು ಹೆಸರು ಕೇಳಿದಾಗಲೂ ಸುಮ್ಮನೆ ನಿಂತೆ. ಸರದಿಯಲ್ಲಿ ಹಿಂದೆ ನಿಂತಿದ್ದ ಯಾರೋ ನನ್ನ ಕೈಯೊಳಗಿನ ಆಧಾರ್ ಕಾರ್ಡ್ ಇಸಿದುಕೊಂಡು ಓದಿ ಹೇಳಿದರು. ನಿಮ್ಮ ಅಜ್ಜ ತೀರಿಹೋದ ಮೇಲೂ ಆ ಹೆಸರು ನನ್ನ ಬಾಯಿಂದ ಬರಲಿಲ್ಲ. ಆಯಸ್ಸಿನ ಭಯ ಮುಗಿದಿತ್ತು. ರೂಢಿ ಮುಗಿದಿರಲಿಲ್ಲ.

ಆ ಹಾಳೆಗಳಲ್ಲಿ ಅಜ್ಜಿ ಹುಡುಗನನ್ನು ಮತ್ತೆ ಮತ್ತೆ ಹೆಸರು ಹಿಡಿದು ಕರೆಯುತ್ತಿದ್ದಳು. ಅದೂ ಹೇಗೆ? ‘ಏ’ ಅಂತ ಮೊದಲು, ‘ಬಾರೋ’ ಅಂತ ಕೊನೆಗೆ. ಯಲಬುರ್ಗಾದಲ್ಲಿರುವ ನನ್ನ ನೆಗೆಣ್ಣಿ, ಅಂದರೆ ನಿಮ್ಮ ಅಜ್ಜನ ತಮ್ಮನ ಹೆಂಡತಿ, ಇದನ್ನು ಕೇಳಿದರೆ ಏನೆಂದಾಳೋ ಎಂಬ ಚಿಂತೆ. ಯಾರಿಗೂ ಹೇಳಲಿಲ್ಲ. ಹೆಸರಿದ್ದ ಕಡೆಯೆಲ್ಲ ‘ತಮ್ಮಾ’ ಎಂದರಾಯಿತು, ಯಾರು ಗಮನಿಸುತ್ತಾರೆ ಎಂದುಕೊಂಡೆ.

ದನಿ ಹಿಡಿಯುವ ಕೋಣೆ ಗಂಗಾವತಿಯಲ್ಲಿತ್ತು. ನೀನೂ ನಾನೂ ತಾವರಗೇರಾ ಮೇಲೆ ಹಾಯ್ದು ಹೋಗುವ ಬಸ್ಸು ಹತ್ತಿದೆವು. ಜೋಳದ ಹೊಲಗಳು ಮುಗಿದು ಭತ್ತದ ಗದ್ದೆಗಳು ಬರುವವರೆಗೂ ನೀನು ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ನಿನ್ನ ಮಾತುಗಳನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದೆ. ಒಂದೂ ತಪ್ಪಲಿಲ್ಲ. ಅಷ್ಟು ಆಸೆಯಿಂದ ನೀನು ಏನನ್ನೂ ಕಲಿತದ್ದು ನಾನು ನೋಡಿರಲಿಲ್ಲ. ಅದನ್ನು ಕೇಳಿದಷ್ಟೂ ನನ್ನ ಅಂಜಿಕೆ ಹೆಚ್ಚುತ್ತಿತ್ತು.

ಆ ಕೋಣೆ ಅಂಗಡಿಗಳ ಮೇಲಿನ ಮಹಡಿಯಲ್ಲಿ. ಭಜನೆ ಪದ, ಆಟೋದಲ್ಲಿ ಕೂಗಿಸುವ ಜಾಹೀರಾತು ಎಲ್ಲ ಅಲ್ಲೇ ಆಗುತ್ತವಂತೆ. ಗೋಡೆಗೆಲ್ಲ ಸ್ಪಂಜು. ಸಪ್ಪಳವಾಗುತ್ತದೆಂದು ಫ್ಯಾನೂ ಬಂದ್. ಗಾಜಿನ ಆಚೆ ಕುಳಿತ ರೆಕಾರ್ಡಿಂಗಿನವರು ಎಲ್ಲರಿಗೂ, ‘ಬಳಿ ತಗದಿಡ್ರಿ, ಮೈಕಿಗೆ ಕೇಳಸತೈತಿ’ ಎಂದರು. ಬಳೆಯಿಲ್ಲದ ನನ್ನ ಕೈ ನೋಡಿ ಮಾತು ನಿಲ್ಲಿಸಿದರು.

ಕಾಗೆಗಳ ರಾಣಿಯ ದನಿ ಕೊಡುವ ಅಕ್ಕ ಒಬ್ಬರು ಅಲ್ಲೇ ಇದ್ದರು. ನಾಟಕ ಕಂಪನಿಗಳಲ್ಲಿ ಪಾರ್ಟು ಮಾಡಿ ಹಣ್ಣಾದವರು, ನನಗಿಂತ ಹಿರಿಯರು. ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು, ತಮ್ಮ ಸರದಿ ಬಂದಾಗ ಅದನ್ನು ಒಂದು ಕೆನ್ನೆಗೆ ಸರಿಸಿ, ಅಂಥ ಕರ್ಕಶ ದನಿ ತೆಗೆದರು ಅಂದರೆ ನೀನು ನನ್ನ ಹಿಂದೆ ಅಡಗಿದೆ. ನಾನು ತೆರೆಯ ಮೇಲೆ ಕಾರ್ಟೂನ್ ನೋಡುತ್ತ ಮಾತಾಡಬೇಕೆಂದು ತಿಳಿದಿದ್ದೆ. ಅಲ್ಲಿ ಪೆನ್ಸಿಲ್ಲಿನಲ್ಲಿ ಗೀಚಿದ ನಾಲ್ಕು ಗೆರೆಗಳಿದ್ದವು. ಮೊದಲು ದನಿ, ಆ ದನಿಗೆ ತಕ್ಕ ಹಾಗೆ ಆಮೇಲೆ ತುಟಿ, ಮುಖ ಬರೆಯುತ್ತಾರಂತೆ.

ನಿನ್ನದು ಚಂದ ಹೋಯಿತು. ನಂತರ ನನ್ನದು. ಹುಡುಗ ಕರಡಿಯ ಗವಿಯ ಮೇಲಿನ ಬಂಡೆ ಹತ್ತಿದ್ದಾನೆ, ಅಜ್ಜಿ ಕೆಳಗಿನಿಂದ ಕೂಗಬೇಕು. ಕಿವಿಗೆ ಹೆಡ್‌ಫೋನ್ ಹಾಕಿದರು. ನನ್ನ ಉಸಿರೇ ನನಗೆ ಬಿರುಗಾಳಿಯ ಹಾಗೆ ಕೇಳುತ್ತಿತ್ತು.

‘ತಮ್ಮಾ, ಕೆಳಗ ಬಾರೋ’ ಎಂದೆ.

‘ಹೆಸರು ಹೇಳ್ರಿ ಅಮ್ಮಾರ’ ಎಂದರು ಮೇಡಂ.

ಹಾಳೆ ನೋಡಿದೆ. ಆ ಅಕ್ಷರಗಳ ಮೇಲೆ ಕಣ್ಣಿಟ್ಟು ಬಾಯಿ ತೆರೆದೆ. ಬಾಯಿಂದ ಬಂದದ್ದು ಬೇರೆ: ‘ರೀ, ಕೆಳಗ ಬರ್ರಿ. ಕಾಲ ಜಾರೀತು.’

ಗಾಜಿನ ಆಚೆ ರೆಕಾರ್ಡಿಂಗಿನವರು ತಲೆ ಬಗ್ಗಿಸಿ ನಕ್ಕದ್ದು ಕಂಡಿತು. ಮೇಡಂ ನಗಲಿಲ್ಲ. ‘ಮೊಮ್ಮಗನಿಗೆ ಯಾರರೆ ರೀ ಅಂತಾರೇನ್ರಿ?’

ಮತ್ತೆ ಹೇಳಿಸಿದರು. ಒಮ್ಮೆ ‘ಹುಡುಗಾ’ ಅಂದೆ, ಒಮ್ಮೆ ಬರೇ ‘ಏ’ ಅಂದೆ, ಒಮ್ಮೆ ಏನೂ ಅನ್ನಲಿಲ್ಲ. ಹುಡುಗನ ಹೆಸರು ಬದಲಿಸಲು ಬರುವುದಿಲ್ಲವೇ ಎಂದು ಕೇಳುವಷ್ಟು ಧೈರ್ಯ ಮಾಡಿದೆ. ‘ಶುರುವಿನ ಹಾಡಿನ್ಯಾಗ ಅದ ಹೆಸರೈತಿ. ಉಳದವರೆಲ್ಲ ಅದ ಹೆಸರಿಲೆ ಮಾತಾಡಿ ಮುಗಿಸ್ಯಾರ’ ಎಂದರು. ಆಮೇಲೆ ಗಡಿಯಾರ ನೋಡಿಕೊಂಡು, ನನಗೆ ನೋವಾಗಬಾರದೆಂದು ಮೆತ್ತಗೆ ಹೇಳಿದರು: ‘ಚಾ ಕುಡದು ಇನ್ನೊಮ್ಮೆ ನೋಡೂಣು. ಆಗದಿದ್ರ ಇರಲಿ ಬಿಡ್ರಿ. ಧಾರವಾಡದಾಗ ಅಜ್ಜಿ, ಮೊಮ್ಮಗಳು ಇನ್ನೊಂದು ಜೋಡಿ ನೋಡಿಟ್ಟೀನಿ.’

ಜೋಡಿ ಎಂದರು. ನೀನು ನನ್ನನ್ನು ನೋಡಿದೆ. ನಾನು ಬಿಟ್ಟರೆ ನೀನೂ ಬಿಟ್ಟಂತೆ. ನೀನು ನಿನ್ನ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಲು ಶುರು ಮಾಡಿದೆ. ಆ ಮಡಚುವ ಸಪ್ಪಳ ನನಗೆ ಇನ್ನೂ ಕೇಳಿಸುತ್ತದೆ.

ಹೊರಗೆ ಮೆಟ್ಟಿಲ ಮೇಲೆ ಚಹಾ ಹಿಡಿದು ಕುಳಿತಾಗ ನಾಟಕದ ಅಕ್ಕ ಬಂದು ಪಕ್ಕ ಕುಳಿತರು. ಎಲೆ ಉಗುಳಿ ಬಾಯಿ ಒರೆಸಿಕೊಂಡು, ‘ಮನಿಯವರ ಹೆಸರೇನ ಅದು?’ ಎಂದರು.

ನಾನು ಹೌದೆಂದು ಗೋಣು ಹಾಕಿದೆ.

‘ಇದ್ದಾರೋ?’

ಇಲ್ಲವೆಂದು ತಲೆ ಅಲ್ಲಾಡಿಸಿದೆ.

‘ಮತ್ಯಾಕವ್ವ ಅಂಜಿಕಿ? ನಾ ಊರೂರಿಗೆ ಒಬ್ಬನ್ನ ನನ್ನ ಗಂಡ ಅಂತ ಹೆಸರ್ ಹಿಡದು ಕರದೀನಿ ರಂಗದ ಮ್ಯಾಲ. ಒಬ್ಬರೂ ಸತ್ತಿಲ್ಲ. ಪಗಾರ ಸಾಲಲಿಲ್ಲ ಅಂತ ಕಂಪನಿ ಬಿಟ್ಟು ಹ್ವಾದ್ರು, ಅಷ್ಟ.’

ನಗು ಬಂತು, ಅದರ ಬೆನ್ನಿಗೇ ಕಣ್ಣೀರು. ‘ಸಾಯತಾರಂತ ಅಂಜಿಕಿ ಅಲ್ರಿ ಅಕ್ಕಾರ’ ಎಂದೆ. ‘ಒಮ್ಮೆನೂ ಅಂದಿಲ್ಲ. ಈಗ ಅಂದ್ರ ಓ ಅನ್ನಾಕ ಅವರಿಲ್ಲ.’

ಅವರು ನನ್ನ ಲೋಟ ತೆಗೆದುಕೊಂಡು ತಮ್ಮದರೊಳಗಿನ ಚಹಾ ಅರ್ಧ ಸುರಿದು ಕೊಟ್ಟರು.

ಚಿನ್ನವ್ವಾ, ನೀನು ಇದೆಲ್ಲ ಕೇಳಿಸಿಕೊಂಡಿದ್ದೆ ಎಂದು ನನಗೆ ಗೊತ್ತಾದದ್ದು ಒಳಗೆ ಕರೆದಾಗ. ನೀನು ಆ ದಪ್ಪ ಬಾಗಿಲಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತಿದ್ದೆ. ಹಿಂದಿನ ತಿಂಗಳಷ್ಟೇ ಪಕ್ಕದ ಮನೆಯ ಮದುವೆಯಲ್ಲಿ ಹೆಂಗಸರು ಹಾಗೆ ನಿಂತದ್ದನ್ನು ಕಂಡಿದ್ದೆಯಲ್ಲ.

‘ಹೆಸರ ಹೇಳಿದ್ರ ಒಳಗ ಬಿಡತೀನಿ’ ಎಂದೆ. ಆಟ ಆಡುವ ಮುಖವಾಗಿರಲಿಲ್ಲ ನಿನ್ನದು.

ನಾಟಕದ ಅಕ್ಕ ಹೋಗಿ ನಿನ್ನ ಪಕ್ಕ ನಿಂತರು. ‘ನಾ ಅತ್ತಿಮನಿ ಕಡಿಯಾಕಿ. ಸುಮ್ನ ಬಿಡಂಗಿಲ್ಲ’ ಎಂದರು. ಮೇಡಂ ಏನೋ ಹೇಳಲು ಬಂದವರು, ಅವರೂ ನಮ್ಮ ಕಡೆಯ ಹೆಣ್ಣೇ ಅಲ್ಲವೇ, ತಿಳಿದುಕೊಂಡು ಗೋಡೆಗೆ ಒರಗಿ ನಿಂತರು.

ಮುತ್ತೈದೆಯರು ಹೇಳುವ ಪದ ಅದು. ಗಂಡ ಇಲ್ಲದವಳು ಒಡಪು ಹಾಕಿದ್ದನ್ನು ನಾನು ಕೇಳಿಲ್ಲ. ಆದರೂ ನಿನ್ನ ಚೀಲದೊಳಗೆ ಮಡಚಿಟ್ಟ ಹಾಳೆಗಳ ತುದಿ ಕಾಣುತ್ತಿತ್ತು. ಕಣ್ಣು ಮುಚ್ಚಿ ನನಗೆ ಬಂದಂತೆ ಕಟ್ಟಿದೆ:

‘ಬುತ್ತಿ ಇಟ್ಟೀನಿ ಬದುವಿನ ಮ್ಯಾಲ, ನೀರ ಇಟ್ಟೀನಿ ಗಿಡದ ನೆಳ್ಳಾಗ, ಬಿಸಲಾಗ ನಿಂತು ಕರಿಯಾಕತ್ತೀನಿ...’

ಆಮೇಲೆ ಹೆಸರು ಹೇಳಿದೆ.

ನೆಲ ಬಿರಿಯಲಿಲ್ಲ. ಕೆಳಗೆ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು. ನೀನು ಕೈ ಇಳಿಸಿದೆ. ಹೊಸ್ತಿಲಿಲ್ಲದ ಆ ಬಾಗಿಲನ್ನು ನಾನು ಬಲಗಾಲಿಟ್ಟೇ ದಾಟಿದೆ.

ಮೈಕಿನ ಮುಂದೆ ಮೊದಲ ಸಲ ಹೆಸರು ಬಂದದ್ದು ಮಲಗಿದವರನ್ನು ಎಬ್ಬಿಸುವ ಹಾಗೆ, ಮೆಲ್ಲಗೆ. ‘ಅಂವ ಭಾಳ ಎತ್ತರ ಅದಾನ್ರಿ, ಕೇಳಸಬೇಕು’ ಎಂದರು ಮೇಡಂ. ಪೆನ್ಸಿಲ್ ಗೆರೆಯ ಬಂಡೆಯನ್ನು ನೋಡಿದೆ. ನಮ್ಮ ಹೊಲದ ಆ ತುದಿ ನೆನೆದೆ. ತಂಬಿಗೆ ಬಡಿಯುತ್ತಿದ್ದ ಕಡೆ ನಿಂತಿದ್ದೇನೆ, ಕೈಯಲ್ಲಿ ತಂಬಿಗೆ ಇಲ್ಲ ಎಂದುಕೊಂಡೆ. ಆಮೇಲೆ ಕೂಗಿದೆ. ‘ಏ’ ಅಂದೆ, ಹೆಸರು ಅಂದೆ, ‘ಬಾರೋ’ ಅಂದೆ. ಅಷ್ಟು ಗಟ್ಟಿಯಾಗಿ ನಾನು ಯಾರನ್ನೂ ಕರೆದವಳಲ್ಲ. ಮತ್ತೆ ತಪ್ಪಿತೇನೋ ಎಂದು ತಿರುಗಿ ನೋಡಿದರೆ ನೀನು ಚೀಲದಿಂದ ಹಾಳೆಗಳನ್ನು ಹೊರಗೆ ತೆಗೆದು, ಮಡಿಕೆಗಳನ್ನು ಅಂಗೈಯಿಂದ ತೀಡುತ್ತಿದ್ದೆ.

ಧಾರಾವಾಹಿ ಬಂದದ್ದು ಮುಂದಿನ ವರ್ಷ. ಕರಡಿಯ ಕಂತು ಬರುವ ಸಂಜೆ ನಿಮ್ಮಪ್ಪನಿಗೆ ಏನೂ ಹೇಳಿರಲಿಲ್ಲ. ಹುಡುಗನ ಹೆಸರು ಅವನಿಗೆ ಹಾಡಿನಿಂದ ಗೊತ್ತಿತ್ತು. ತನ್ನ ತಾಯಿಯೇ ಅದನ್ನು ಕೂಗುತ್ತಾಳೆ ಎಂದು ಗೊತ್ತಿರಲಿಲ್ಲ. ಹಿಂದಿನ ಕಂತುಗಳಲ್ಲಿ ಅಜ್ಜಿಗೆ ಮಾತು ಕಡಿಮೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈಯೊಳಗಿನ ಅರಿವೆ ಹಿಂಡುತ್ತಿದ್ದೆ. ತೆರೆಯ ಮೇಲೆ ಇಳಕಲ್ ಸೀರೆಯ ಅಜ್ಜಿಯೊಬ್ಬಳು ಬಂಡೆಯ ಕೆಳಗೆ ನಿಂತು ಬಾಯಿ ತೆರೆದಳು. ನನ್ನ ದನಿ ಮನೆ ತುಂಬಿತು.

ನಿಮ್ಮಪ್ಪ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಾಟಿನಲ್ಲಿಟ್ಟ. ನನ್ನ ಕಡೆ ತಿರುಗಲಿಲ್ಲ. ಆಮೇಲೆ ಟಿವಿಯನ್ನೇ ನೋಡುತ್ತ ಅಂದ:

‘ಹಿಂಗ ಕರದಿದ್ರ ಅಪ್ಪ ಹೊಲದಿಂದ ಲಗೂನ ಬರತಿದ್ದ ಬೇ.’

ನಿಮ್ಮವ್ವ ಎದ್ದು ನೀರು ತರಲು ಹೋದಳು. ಗುಂಡಾ, ನೀನು ತೊದಲುತ್ತ ಅದೇ ಹೆಸರನ್ನು ಕೂಗಲು ಶುರು ಮಾಡಿದೆ, ಆ ರಾತ್ರಿಯೆಲ್ಲ ಬಿಡಲಿಲ್ಲ. ಯಲಬುರ್ಗಾದ ನೆಗೆಣ್ಣಿ ಇನ್ನೂ ಫೋನ್ ಮಾಡಿಲ್ಲ. ಫೋನ್ ಬಡಿದಾಗೆಲ್ಲ ಈಗಲೂ ಅವಳೇ ಇರಬೇಕು ಎನ್ನಿಸುತ್ತದೆ.

ಕಾರ್ಟೂನ್ ಮುಗಿದು ಹೋಯಿತು. ಅದನ್ನು ಮತ್ತೆ ಹಾಕುತ್ತಾರೋ ಇಲ್ಲವೋ. ಬಾಯಿಂದ ಹೇಳಿದೆನಾದರೂ ಈ ಹಾಳೆಗಳಲ್ಲಿ ಆ ಹೆಸರನ್ನು ಬರೆಯಲು ನನ್ನ ಕೈ ಬರಲಿಲ್ಲ, ನೋಡಿರಿ. ಒಡಪಿನ ಕೊನೆಗೆ ಒಂದಿಷ್ಟು ಜಾಗ ಬಿಟ್ಟಿದ್ದೇನೆ. ಅಲ್ಲಿ ನೀವು ತುಂಬಿರಿ, ನೀವು ಮೊಮ್ಮಕ್ಕಳು, ನಿಮಗೆ ಅಡ್ಡಿಯಿಲ್ಲ. ಹಬ್ಬಕ್ಕೆ ಮನೆ ಸಾರಿಸುವಾಗ ಹಳೆಯ ಪೇಪರಿನ ಜೊತೆ ಇವನ್ನು ಹೊರಗೆ ಹಾಕಬೇಡಿರಿ. ನನ್ನ ಟ್ರಂಕಿನಲ್ಲಿ ನಿಮ್ಮ ಅಜ್ಜ ತಲೆಗೆ ಸುತ್ತುತ್ತಿದ್ದ ಪಟಕ ಇದೆ, ಅದರ ಮಡಿಕೆಯೊಳಗೆ ಇಡಿರಿ. ಇಲಿ ಕಡಿಯದ ಹಾಗೆ ನೋಡಿಕೊಳ್ಳಿರಿ.