ಬೆರಳಲ್ಲಿ ಕೇಳುತ್ತಿದ್ದ ಫಿಟ್ಟರ್ ಕಾಕಾ

ಕಳೆದ ವಾರ ರವಿಕೆ ತರಲೆಂದು ಟೈಲರ್ ಹತ್ತಿರ ಹೋಗಿದ್ದೆ. ಆಕೆ ಹೊಲಿಗೆ ಯಂತ್ರವನ್ನು ಹಿಂದಕ್ಕೆ ಮಗುಚಿ, ಉದ್ದ ಮೂತಿಯ ಪುಟ್ಟ ಡಬ್ಬಿಯಿಂದ ಒಂದೊಂದೇ ಹನಿ ಎಣ್ಣೆ ಬಿಡುತ್ತಿದ್ದಳು. ತೆಳ್ಳನೆಯ, ಸೀಮೆಎಣ್ಣೆಗೂ ಕೊಬ್ಬರಿ ಎಣ್ಣೆಗೂ ನಡುವಿನ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ಇಪ್ಪತ್ತೈದು ವರ್ಷಕ್ಕೂ ಹಿಂದಿನ ಒಂದು ಮಧ್ಯಾಹ್ನ, ಮುಚ್ಚಳ ಬಿಚ್ಚಿಟ್ಟ ಕಂಪ್ಯೂಟರ್, ಅದರ ಮೇಲೆ ಬಾಗಿದ ಒಂದು ನರೆತ ತಲೆ ಕಣ್ಣ ಮುಂದೆ ಬಂತು. ಹರಿಹರದಲ್ಲಿ ನಮ್ಮ ಪಕ್ಕದ ಮನೆಯ ಫಿಟ್ಟರ್ ಕಾಕಾ…

ಕಾಕಾ ನಮಗೆ ಸಂಬಂಧಿಕರೇನಲ್ಲ. ಆದರೆ ಇಡೀ ಓಣಿ ಅವರನ್ನು ಹಾಗೇ ಕರೆಯುತ್ತಿತ್ತು. ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಬಹಳ ವರ್ಷ ಫಿಟ್ಟರ್ ಆಗಿದ್ದವರು. ನೂಲು ಹರಿಯದಿರಬೇಕಾದರೆ ಗಿರಣಿಯ ಒಳಗಿನ ಗಾಳಿ ತೇವವಾಗಿರಬೇಕಂತೆ. ಆ ಗಾಳಿಯನ್ನು ಒಳಗೆ ತಳ್ಳುವ ಆಳೆತ್ತರದ ಫ್ಯಾನುಗಳ ಉಸ್ತುವಾರಿ ಅವರದು. ಗಿರಣಿ ಮುಚ್ಚಿತು, ಅಷ್ಟರಲ್ಲಿ ಅದರ ಸದ್ದು ಅವರ ಕಿವಿಯನ್ನೂ ಹೆಚ್ಚುಕಡಿಮೆ ಮುಚ್ಚಿಬಿಟ್ಟಿತ್ತು. ಎದುರು ನಿಂತು ತುಟಿ ಕಾಣುವಂತೆ ಮಾತಾಡಿದರೆ ತಿಳಿಯುತ್ತಿತ್ತು, ಬೆನ್ನ ಹಿಂದಿನಿಂದ ಕೂಗಿದರೆ ಇಲ್ಲ. ಓಣಿಯ ಯಾರ ಮನೆಯ ಫ್ಯಾನು ಕಿರುಗುಟ್ಟಿದರೂ ಅವರೇ ಬಂದು ಸರಿಮಾಡುತ್ತಿದ್ದರು. ಕೇಳದವರು ಸದ್ದು ಹೇಗೆ ಹಿಡಿಯುತ್ತಾರೆಂದು ಆಗ ನಾನು ಯೋಚಿಸಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಾನು ತರಬೇತಿ ಮುಗಿಸಿ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಕಿವಿ ಮೂಗು ಗಂಟಲಿನ ಡಾಕ್ಟರೊಬ್ಬರ ಬಳಿ ಕೆಲಸಕ್ಕೆ ಸೇರಿದ್ದೆ. ಬಂದವರ ಕಿವಿ ಎಷ್ಟು ಕೇಳುತ್ತದೆಂದು ಪರೀಕ್ಷಿಸುವುದು ನನ್ನ ಕೆಲಸ. ದಿನವೂ ಬೆಳಿಗ್ಗೆ ಹರಿಹರದಿಂದ ಬಸ್ಸು, ಸಂಜೆ ವಾಪಸ್ಸು. ಆ ವರ್ಷ ಡಾಕ್ಟರು ಹೊಸ ಪರೀಕ್ಷಾ ಯಂತ್ರ ತರಿಸಿದರು. ಅದು ಕಂಪ್ಯೂಟರಿನ ಮೂಲಕ ನಡೆಯುತ್ತಿತ್ತು. ಪ್ಲೈವುಡ್ಡಿನ ಪುಟ್ಟ ಕೋಣೆಯೊಳಗೆ ರೋಗಿ ಹೆಡ್‌ಫೋನ್ ಹಾಕಿಕೊಂಡು ಕೂರುವುದು, ದನಿ ಕೇಳಿದಾಗ ಗುಂಡಿ ಒತ್ತುವುದು. ಕಂಪ್ಯೂಟರ್ ಆ ಕೋಣೆಯ ಹೊರಗೆ ಇತ್ತು, ನಿಜ. ಆದರೆ ಅದರ ತಂತಿ ಗಿಡ್ಡ, ಜಾಗವೂ ಚಿಕ್ಕದು, ನಡುವೆ ಇದ್ದದ್ದು ಪ್ಲೈವುಡ್ಡಿನ ಒಂದು ಹಾಳೆ ಮಾತ್ರ. ತಗಡಿನ ಮಾಡಿನ ಕೆಳಗೆ ಬಿಸಿಲೇರಿದಂತೆ ಅದರ ಹಿಂಬದಿಯ ಫ್ಯಾನು ಹಿಟ್ಟಿನ ಗಿರಣಿಯಂತೆ ಗುಂಯ್ಗುಡುತ್ತಿತ್ತು.

ಎರಡು ತಿಂಗಳಲ್ಲಿ ನನಗೊಂದು ಅನುಮಾನ ಶುರುವಾಯಿತು. ಬಂದ ಮಕ್ಕಳಿಗೆಲ್ಲ ಗಂಡಸರ ದನಿಯಂಥ ದಪ್ಪ ದನಿಗಳು ಸ್ವಲ್ಪ ಕಡಿಮೆಯೇ ಕೇಳುತ್ತಿದ್ದವು. ಒಂದು ದಿನ ಊಟದ ಹೊತ್ತಿನಲ್ಲಿ ನಾನೇ ಒಳಗೆ ಕೂತು, ಆಸ್ಪತ್ರೆಯ ಆಯಾಳ ಕೈಯಲ್ಲಿ ಕಂಪ್ಯೂಟರಿನ ಒಂದೊಂದೇ ಗುಂಡಿ ಒತ್ತಿಸಿ ನನ್ನ ಕಿವಿಯನ್ನೇ ಪರೀಕ್ಷಿಸಿಕೊಂಡೆ. ಏನೂ ತೊಂದರೆಯಿಲ್ಲದ ನನ್ನ ಕಿವಿಯೂ ಆ ಯಂತ್ರದ ಲೆಕ್ಕದಲ್ಲಿ ಮಂದವಾಗಿತ್ತು. ಫ್ಯಾನಿನ ಗುಂಯ್ ಸದ್ದು ಆ ದನಿಗಳನ್ನು ನುಂಗುತ್ತಿತ್ತು.

ಹಾಗಾದರೆ ಇಷ್ಟು ದಿನ ನಾನು ಬರೆದುಕೊಟ್ಟ ಚೀಟಿಗಳು? ಮೊದಲು ನೆನಪಾದದ್ದು ಕಡರನಾಯಕನಹಳ್ಳಿಯ ಎರಡನೇ ತರಗತಿಯ ಒಂದು ಹುಡುಗಿ. ಶಾಲೆಯಲ್ಲಿ ಕರೆದರೆ ತಿರುಗುವುದಿಲ್ಲವೆಂದು ಮೇಷ್ಟ್ರು ಕಳಿಸಿದ್ದರು. ಎರಡೂ ಕಿವಿ ಮಂದವೆಂದು ನಾನು ಬರೆದಿದ್ದೆ. ಚೀಟಿ ಕೈಗೆ ಕೊಟ್ಟಾಗ ಅವಳ ಅಜ್ಜಿ, ಕಿವಿ ಕೇಳದ ಹುಡುಗಿಗೆ ಇನ್ನು ಸಾಲಿ ಯಾತಕ್ಕೆ, ಮನೆಯಲ್ಲೇ ಇರಲಿ ಎಂದು ಹೇಳಿಕೊಂಡೇ ಮೆಟ್ಟಿಲಿಳಿದಿದ್ದಳು.

ಡಾಕ್ಟರು ಮೊದಲು ಒಪ್ಪಲಿಲ್ಲ. ನನ್ನ ಕಿವಿಯ ಚಾರ್ಟ್ ತೋರಿಸಿದ ಮೇಲೆ ಒಪ್ಪಿದರು. ಯಂತ್ರ ಕೊಟ್ಟವರಿಗೆ ಫೋನ್ ಮಾಡಿದರೆ ಮುಂದಿನ ತಿಂಗಳು ಬರುತ್ತೇವೆ ಎಂದರು. ಫ್ಯಾನಿನ ತಂತಿ ಕಿತ್ತು ನೋಡಿದೆವು. ಹತ್ತೇ ನಿಮಿಷಕ್ಕೆ ಕಾದು ಕಂಪ್ಯೂಟರ್ ನಿಂತುಹೋಯಿತು. ಮನೆಗೆ ಬಂದು ಅವ್ವನ ಮುಂದೆ ಹೇಳಿಕೊಂಡಾಗ ಅವಳು ಪಕ್ಕದ ಮನೆಯ ಕಡೆ ಕೈ ತೋರಿಸಿದಳು. ನನಗೆ ನಗು ಬಂತು. ಕಿವಿ ಪರೀಕ್ಷೆಯ ಕೋಣೆಯ ಸದ್ದು ತೆಗೆಯಲು ಕಿವಿ ಕೇಳದವರನ್ನು ಕರೆದುಕೊಂಡು ಹೋಗುವುದೇ? ಆ ನಗು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೈಚೀಲ ಹಿಡಿದು ನನ್ನ ಜೊತೆ ಬಸ್ಸು ಹತ್ತಿದರು. ಕಂಪ್ಯೂಟರ್ ಒಳಗನ್ನು ಅವರು ಅಲ್ಲಿಯವರೆಗೆ ನೋಡಿರಲಿಲ್ಲ. ಮುಟ್ಟುವ ಮೊದಲು ಒಂದು ಗಂಟೆ ಅದನ್ನು ನೋಡುತ್ತ ಕೂತರು. ಚೀಲದಿಂದ ಹತ್ತಿಯ ಒಂದೆಳೆ ತೆಗೆದು ಕಂಪ್ಯೂಟರ್ ಡಬ್ಬಿಯ ಸಂದಿ ಸಂದಿಗೂ ಹಿಡಿದು, ಅದು ಎಲ್ಲಿ ಒಳಗೆ ಸೆಳೆಯುತ್ತದೆ, ಎಲ್ಲಿ ಅಲುಗದೆ ನಿಲ್ಲುತ್ತದೆ ಎಂದು ನೋಡಿದರು. ಆಮೇಲೆ ತೋರುಬೆರಳ ತುದಿಯನ್ನು ಅದರ ತಗಡಿನ ಮೇಲೆ ಒಂದೊಂದೇ ಕಡೆ ಇಟ್ಟು ಕಣ್ಣು ಮುಚ್ಚಿದರು. ಡಾಕ್ಟರು ಬಾಗಿಲಲ್ಲಿ ನಿಂತು ಹುಬ್ಬೇರಿಸಿದರು. ಕಾಕಾ ಕಣ್ಣು ತೆರೆದು ನನಗೆ ಹೇಳಿದರು:

"ಎಲ್ಡು ಸದ್ದು ಅದಾವೆ ತಂಗಿ. ಒಂದು ಗಾಳೀದು, ಒಂದು ತಗಡಿಂದು. ಬೆರಳಿಗೆ ಬ್ಯಾರೆ ಬ್ಯಾರೆ ಗೊತ್ತಾಗ್ತಾವೆ."

ಅಂದು ಫ್ಯಾನಿನ ತಂತಿಯ ನಡುವೆ ಕರೆಂಟು ತಗ್ಗಿಸುವ ಒಂದು ರೆಸಿಸ್ಟರ್ ಬೆಸೆದು ಅದರ ವೇಗ ಇಳಿಸಿದರು. ಸದ್ದು ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನುವಷ್ಟಾಯಿತು. ನಾನು ಕುಣಿಯುವುದೊಂದು ಬಾಕಿ. ಆದರೆ ಮರುದಿನ ಮಧ್ಯಾಹ್ನ ಕರೆಂಟು ಹೋಗಿ ಬಂತು. ಮುದುಕರೊಬ್ಬರ ಪರೀಕ್ಷೆ ಅರ್ಧಕ್ಕೆ ಬಂದಾಗ ಪರದೆ ನಿಶ್ಚಲವಾಯಿತು, ಕಾದ ತಗಡಿನ ವಾಸನೆ ಬಂತು. ಹಿಂದೆ ನೋಡಿದರೆ ಫ್ಯಾನು ತಿರುಗುತ್ತಲೇ ಇರಲಿಲ್ಲ. ಪುಣ್ಯಕ್ಕೆ ಏನೂ ಸುಟ್ಟಿರಲಿಲ್ಲ, ತಣ್ಣಗಾದ ಮೇಲೆ ಕಂಪ್ಯೂಟರ್ ಮತ್ತೆ ಎದ್ದಿತು. ಡಾಕ್ಟರು ಮಾತ್ರ ನನ್ನನ್ನು ಕರೆದು, ಗಿರಣಿಯ ಫಿಟ್ಟರನ್ನು ಇನ್ನು ಇದರ ಹತ್ತಿರ ಬಿಡಬೇಡ ಎಂದರು.

ಸಂಜೆ ಕಾಕಾನಿಗೆ ಇದನ್ನು ಹೇಗೆ ಹೇಳುವುದೆಂದು ಬಸ್ಸಿನ ದಾರಿಯುದ್ದಕ್ಕೂ ಯೋಚಿಸಿದೆ. ಊರು ಮುಟ್ಟಿ ಅವರ ಮನೆಗೆ ಹೋಗಿ ಹೇಳಿದಾಗ ಅವರು ನನ್ನ ತುಟಿಯನ್ನೇ ನೋಡುತ್ತ ಪೂರ್ತಿ ಕೇಳಿಸಿಕೊಂಡರು. ಕಂಪ್ಯೂಟರನ್ನೂ ದೂರಲಿಲ್ಲ, ಕರೆಂಟನ್ನೂ ದೂರಲಿಲ್ಲ. ಮರುದಿನ ಬೆಳಿಗ್ಗೆ ನಾನು ಹೊರಡುವ ಮೊದಲೇ ಬಸ್‌ ನಿಲ್ದಾಣದಲ್ಲಿ ನಿಂತಿದ್ದರು. ನೇರ ಡಾಕ್ಟರ ಎದುರು ಹೋಗಿ ಹೇಳಿದರು:

"ತಪ್ಪು ನಂದೇ ಐತ್ರಿ. ಓಡೋ ಫ್ಯಾನಿಗೆ ಕಡಿಮಿ ಕರೆಂಟ್ ಸಾಕು, ನಿಂತ ಫ್ಯಾನ್ ಎಬ್ಬಿಸಾಕೆ ಜಾಸ್ತಿ ಬೇಕು. ಇದು ಗೊತ್ತಿದ್ದೂ ನಾನು ಸದ್ದೊಂದೇ ನೋಡಿದೆ. ಮೂರು ದಿನ ಕೊಡ್ರಿ. ಆಮ್ಯಾಲೆ ಬ್ಯಾಡ ಅಂದ್ರೆ ಬರಂಗಿಲ್ಲ."

ತಮ್ಮ ತಪ್ಪನ್ನು ಹೀಗೆ ಬಿಡಿಸಿ ಹೇಳುವವರು ಡಾಕ್ಟರಿಗೂ ಅಪರೂಪವೇ ಇದ್ದಿರಬೇಕು. ಆಗಲೆಂದು ತಲೆಯಾಡಿಸಿ ಒಳಗೆ ಹೋದರು.

ಆ ಮೂರು ದಿನ ಕಾಕಾ ಮಾಡಿದ ಕೆಲಸವನ್ನು ನಾನು ಮರೆಯಲಾರೆ. ಈ ಸಲ ಮೊದಲೇ ವೇಗಕ್ಕೆ ಕೈ ಹಾಕಲಿಲ್ಲ. ಮೊದಲು ಗಾಳಿಗೆ ದಾರಿ ಮಾಡಿದರು. ಮೂಲೆ ಮೂಲೆಯ ದೂಳನ್ನು ಬ್ರಷ್ಷಿನಿಂದ ತೆಗೆದರು. ಒಳಗೆ ಅಡ್ಡಡ್ಡ ಬಿದ್ದಿದ್ದ ಅಗಲ ಪಟ್ಟಿಯಂಥ ತಂತಿಗಳನ್ನು ಮಡಿಸಿ ಬದಿಗೆ ಕಟ್ಟಿದರು. ಫ್ಯಾನಿನ ಹಿಂದಿದ್ದ ಸಣ್ಣ ತೂತುಗಳ ತಗಡನ್ನು ಗರಗಸದಿಂದ ಕತ್ತರಿಸಿ, ಬೆರಳು ಹೋಗದಂತೆ ತೆಳು ತಂತಿಯ ಬಲೆ ಕೂರಿಸಿದರು. ಹಳೆಯ ಸೈಕಲ್ ಟ್ಯೂಬನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಪ್ರತಿ ತಿರುಪಿನ ಕೆಳಗೂ ಇಟ್ಟರು, ಫ್ಯಾನಿನ ನಡುಕ ತಗಡಿಗೆ ದಾಟಬಾರದೆಂದು. ಇಷ್ಟಾದ ಮೇಲೆ ಬೇರೆ ಬೇರೆ ಅಳತೆಯ ನಾಲ್ಕು ರೆಸಿಸ್ಟರುಗಳನ್ನು ಒಂದೊಂದಾಗಿ ಹಾಕಿ ನೋಡಿದರು. ಪ್ರತಿಯೊಂದಕ್ಕೂ ಹತ್ತು ಸಲ ಸ್ವಿಚ್ ಆರಿಸಿ ಹಾಕುವುದು. ಒಂದು ಸಲ ಫ್ಯಾನು ಏಳಲು ತಡವರಿಸಿದರೂ ಆ ರೆಸಿಸ್ಟರ್ ಪಕ್ಕಕ್ಕೆ ಹೋಯಿತು, ಹತ್ತೂ ಸಲ ಎಬ್ಬಿಸಿದ್ದು ಉಳಿಯಿತು.

ಗಿರಣಿಯಿಂದ ಬರುವಾಗ ತಂದಿದ್ದ ಒಂದು ಥರ್ಮಾಮೀಟರನ್ನು ಡಬ್ಬಿಯೊಳಗೆ ಇಳಿಬಿಟ್ಟಿದ್ದರು. ಅರ್ಧ ಗಂಟೆಗೊಮ್ಮೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಎರಡನೇ ದಿನ ಬಿಸಿ ಏರುತ್ತಿದ್ದುದನ್ನು ನೋಡಿ ನಾನು ಗಾಬರಿಯಿಂದ ಸ್ವಿಚ್ ಆರಿಸಲು ಹೋದೆ. ಅವರು ಕೈಯೆತ್ತಿ ನನ್ನನ್ನು ತಡೆದರು.

"ಏರಬಾರದು ಅಂತಲ್ಲ ತಂಗಿ. ಏರ್ಲಿ. ಏರಿ ಒಂದ್ ಕಡೆ ನಿಂದರಬೇಕು, ಅಷ್ಟೇ."

ಮೂರು ಗಂಟೆಗೆ ಬಿಸಿ ಏರುವುದು ನಿಂತಿತು. ನಾಲ್ಕಕ್ಕೂ ಅಲ್ಲೇ, ಐದಕ್ಕೂ ಅಲ್ಲೇ. ಮೂರನೇ ದಿನ ನಾನು ಒಳಗೆ ಕೂತು ಮತ್ತೆ ನನ್ನ ಕಿವಿ ಪರೀಕ್ಷಿಸಿಕೊಂಡೆ. ಚಾರ್ಟಿನ ಗೆರೆ ಎಲ್ಲಿರಬೇಕೋ ಅಲ್ಲಿತ್ತು. ಹೊರಗೆ ಬಂದು ತುಟಿಯಲ್ಲೇ ಹೇಳಿದೆ. ಕಾಕಾ ನಗಲಿಲ್ಲ, ಹೌದಾ ಎಂದು ಇನ್ನೊಮ್ಮೆ ಬೆರಳಿಟ್ಟು ನೋಡಿದರು.

ಹುಡುಗಿಯ ಮನೆಗೆ ಕಾಗದ ಹಾಕಿದ್ದೆ, ಯಾರೂ ಬರಲಿಲ್ಲ. ಭಾನುವಾರ ನಾನೇ ಕಡರನಾಯಕನಹಳ್ಳಿಗೆ ಹೊರಟೆ. ಒಬ್ಬಳೇ ಯಾಕೆಂದು ಕಾಕಾನೂ ಬಂದರು. ಅಜ್ಜಿ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು, ಹುಡುಗಿ ಪಕ್ಕದಲ್ಲಿದ್ದಳು. ಮೊದಲ ಪರೀಕ್ಷೆ ತಪ್ಪಾಗಿರಬಹುದು, ಇನ್ನೊಮ್ಮೆ ನೋಡಬೇಕು ಎಂದೆ. ಅಜ್ಜಿ ತಲೆ ಎತ್ತದೆ ಕೇಳಿದಳು:

"ಅವತ್ತು ಕೇಳಲ್ಲ ಅಂದ್ರಿ. ಇವತ್ತು ಕೇಳ್ತೈತೆ ಅಂತೀರಿ. ನಾಳೆ ಏನಂತೀರೋ. ಹೆಂಗೆ ನಂಬಾದು ನಿಮ್ಮನ್ನ?"

ಅಜ್ಜಿಯ ಎದುರಿಗೇ ಕುಕ್ಕರುಗಾಲಲ್ಲಿ ಕೂತು ಅವಳ ಬಾಯನ್ನೇ ನೋಡುತ್ತಿದ್ದ ಕಾಕಾ ಆಗ ಮೆಲ್ಲಗೆ ಹೇಳಿದರು: "ನನಗೆ ಕಿವಿ ಕೇಳಲ್ಲವ್ವ. ಯಾರಾದ್ರೂ ಬಂದು ನಿಂಗೆ ಇನ್ನೊಂದ್ಸಲ ನೋಡ್ತೀವಿ ಅಂದಿದ್ರೆ ನಾನು ಓಡಿ ಹೋಗ್ತಿದ್ದೆ. ಕಳಸು."

ಬುಧವಾರ ಅಜ್ಜಿ ಹುಡುಗಿಯ ಕೈ ಹಿಡಿದುಕೊಂಡು ತಾನೇ ಬಂದಳು.

ಹುಡುಗಿಯ ಎಡಗಿವಿ ಚೆನ್ನಾಗಿತ್ತು. ಬಲಗಿವಿ ನಿಜವಾಗಿಯೂ ಸ್ವಲ್ಪ ಮಂದವಿತ್ತು, ಸೋಂಕಿನಿಂದ. ಡಾಕ್ಟರು ಔಷಧ ಕೊಟ್ಟರು. ನನ್ನ ಹಳೆಯ ಚೀಟಿಯನ್ನು ಹರಿದು ಹೊಸದನ್ನು ತಾವೇ ಬರೆದರು. ಎಡಗಿವಿಗೆ ಕೇಳುವಂತೆ ಮುಂದಿನ ಸಾಲಿನಲ್ಲಿ ಕೂರಿಸಿ ಎಂದು ಮೇಷ್ಟ್ರಿಗೊಂದು ಸಾಲು ಸೇರಿಸಿದರು. ಜೂನಿನಲ್ಲಿ ಅವಳು ಮೂರನೇ ತರಗತಿಗೆ ಹೋದಳು. ಆ ಎರಡು ತಿಂಗಳಲ್ಲಿ ಬಂದಿದ್ದ ಉಳಿದ ಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ಮತ್ತೆ ಕರೆಸಿದೆವು. ಇಬ್ಬರು ಮಾತ್ರ ಕೊನೆಗೂ ಸಿಗಲಿಲ್ಲ… ಆ ಇಬ್ಬರ ಮುಖ ನನಗೆ ನೆನಪಿಲ್ಲ, ಅದೇ ಹೆಚ್ಚು ಕಾಡುತ್ತದೆ.

ಡಾಕ್ಟರು ಕಾಕಾನ ಕಿವಿಯನ್ನೂ ಪರೀಕ್ಷಿಸಲು ಹೇಳಿದರು. ನಂದು ಗಿರಣಿ ತಿಂದಾತು, ಇನ್ನೇನು ನೋಡ್ತೀರಿ ಎಂದು ಅವರು ಮೂರು ತಿಂಗಳು ತಳ್ಳಿದರು. ಕೊನೆಗೆ ಒಂದು ದಿನ ಒಳಗೆ ಕೂತರು. ಶಿಳ್ಳೆಯಂಥ ಸಣ್ಣ ದನಿಗಳಿಗೆ ಅವರ ಬೆರಳು ಗುಂಡಿಯ ಮೇಲೆ ಅಲುಗಲೇ ಇಲ್ಲ. ಚಾರ್ಟ್ ನೋಡಿ, ಈ ಕೆಳಗಿಳಿದಿರೋ ಗೆರೆ ಏನು ಎಂದು ಕೇಳಿದರು. ಹಕ್ಕಿ ದನಿ, ಸಣ್ಣ ಮಕ್ಕಳ ದನಿ ಎಂದೆ. ಮೊಮ್ಮಗಳು ನನ್ನ ಹತ್ರ ಮಾತಾಡೋದು ಬಿಟ್ಟಾಳೆ ಅಂದ್ಕೊಂಡಿದ್ದೆ, ಹಂಗಾದ್ರೆ ಅವಳು ಬಿಟ್ಟಿಲ್ಲ, ಎಂದರು ಕಾಕಾ.

ಡಾಕ್ಟರು ಒಂದು ಶ್ರವಣ ಯಂತ್ರ ಕೊಡಿಸಿದರು. ನಾನು ಅದನ್ನು ಅವರ ಕಿವಿಗೆ ಕೂರಿಸಿ, ಏನು ಕೇಳುತ್ತದೆ ಹೇಳಿ ಕಾಕಾ ಎಂದೆ. ಅವರು ನನ್ನ ಕಡೆ ತಿರುಗಲೇ ಇಲ್ಲ. ಎದ್ದು ಹೋಗಿ ಕಂಪ್ಯೂಟರಿನ ಹಿಂಬದಿಗೆ ಬಾಗಿ, ಅಷ್ಟು ತಿಂಗಳಲ್ಲಿ ಮೊದಲ ಬಾರಿಗೆ ತಾವು ಮಾಡಿದ ಕೆಲಸಕ್ಕೆ ಕಿವಿಗೊಟ್ಟರು. ಮುಖ ಸಣ್ಣಗಾಯಿತು.

"ಸದ್ದು ಇನ್ನೂ ಸ್ವಲ್ಪ ಐತಲ್ಲ ತಂಗಿ. ಯಾಕ ಹೇಳಲಿಲ್ಲ ನೀನು?"

ಆ ಮಧ್ಯಾಹ್ನವೇ ಅವರು ಫ್ಯಾನಿನ ನಡುವೆ ಅಂಟಿಸಿದ್ದ ಕಂಪನಿಯ ಚೀಟಿ ಎಬ್ಬಿಸಿ, ಒಂದೇ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಮತ್ತೆ ಅಂಟಿಸಿದ್ದು. ಡಾಕ್ಟರು ಈ ಸಲ ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು, ಪಕ್ಕದಲ್ಲೇ ಬಾಗಿ ನೋಡಿದರು.

ಆಮೇಲೆ ನಾನು ಮದುವೆಯಾಗಿ ಬೇರೆ ಊರಿಗೆ ಬಂದೆ. ಆ ಕಂಪ್ಯೂಟರ್ ಇನ್ನೂ ನಾಲ್ಕೈದು ಬೇಸಿಗೆ ಕಳೆಯಿತಂತೆ, ಒಮ್ಮೆಯೂ ನಿಲ್ಲಲಿಲ್ಲವಂತೆ. ಕಾಕಾ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಿಂಗಳ ಮೇಲೆ, ಅವ್ವನ ಫೋನಿನಲ್ಲಿ, ಬೇರೆ ಯಾವುದೋ ಮಾತಿನ ನಡುವೆ. ಹೋಗಲು ಆಗಲಿಲ್ಲ. ಈಗ ಕಂಪ್ಯೂಟರುಗಳು ಬಿಸಿ ನೋಡಿಕೊಂಡು ತಮ್ಮ ಫ್ಯಾನನ್ನು ತಾವೇ ಏರಿಸುತ್ತವೆ, ಇಳಿಸುತ್ತವೆ. ನಾನು ಕೆಲಸ ಮಾಡುವ ಕಡೆ ಚಿಕ್ಕ ವಯಸ್ಸಿನ ಹುಡುಗಿಯರಿಗೆ ಈ ಕಥೆ ಹೇಳಿದರೆ, ಅದಕ್ಕೆ ಮೂರು ದಿನ ಬೇಕಿತ್ತಾ ಮೇಡಂ ಎನ್ನುತ್ತಾರೆ.

ಹೋದ ತಿಂಗಳು ಅವರಲ್ಲೊಬ್ಬಳು ನನ್ನ ಕಿವಿಯನ್ನು ಪರೀಕ್ಷಿಸಿದಳು. ಸಣ್ಣ ದನಿಗಳ ಕಡೆ ನನ್ನ ಗೆರೆಯೂ ಇಳಿಯಲು ತೊಡಗಿದೆ. ವಯಸ್ಸು, ಗಾಬರಿಪಡುವಂಥದ್ದೇನಲ್ಲ. ಆದರೂ ಆ ಹಾಳೆ ಹಿಡಿದು ಕೂತಾಗ, ಹೀಗೆ ಇಳಿಯುವಾಗ ಮೊದಲು ಹೋಗುವುದು ಯಾವುದು, ಅದಿಲ್ಲದೆ ಜನರ ನಡುವೆ ಇರುವುದನ್ನು ರೂಢಿ ಮಾಡಿಕೊಳ್ಳುವುದು ಹೇಗೆ ಎಂದು ಕಾಕಾನನ್ನು ಕೇಳಬೇಕೆನ್ನಿಸಿತು. ಗೋಡೆಯಾಚೆ ಅಷ್ಟು ವರ್ಷ ಇದ್ದರು, ಒಂದು ದಿನವೂ ಕೇಳಿರಲಿಲ್ಲ. ಈಗ ಕೇಳಲು ಅವರಿಲ್ಲ…